ಕಾರ್ನ್ ಹಾವಿನ ಮರಿ ಮಾಡಿಸುವುದು ಮತ್ತು ನಮ್ಮ ಬಣವೆಯ ಕೇರೆ ಮೊಟ್ಟೆ: ಗಡಿ ಹಳ್ಳಿಗರಿಗೆ ಒಂದು ಮಾಹಿತಿ

ಕೆಂಪು, ಕಿತ್ತಳೆ, ಬಿಳಿ ಬಣ್ಣದ ಹಾವನ್ನು ಕೈಗೆ ಸುತ್ತಿಕೊಂಡು ಆಡಿಸುವ ವಿಡಿಯೋಗಳನ್ನು ಮೊಬೈಲಿನಲ್ಲಿ ನೋಡಿ, 'ಇಂಥದ್ದನ್ನು ನಾವೂ ಸಾಕಬಹುದಾ?' ಎಂದು ಕೇಳುವ ಮಕ್ಕಳು ಈಗ ಹಳ್ಳಿಗಳಲ್ಲೂ ಇದ್ದಾರೆ. ಆ ವಿಡಿಯೋಗಳಲ್ಲಿ ಹೆಚ್ಚಾಗಿ ಕಾಣುವುದು ಕಾರ್ನ್ ಹಾವು ಎಂಬ ಅಮೆರಿಕದ ಹಾವು. ಅದೇ ಹಳ್ಳಿಗಳಲ್ಲಿ ಬಣವೆ ಕೀಳುವಾಗ, ತಿಪ್ಪೆ ಎತ್ತುವಾಗ, ಜೆಸಿಬಿಯಿಂದ ಬದು ಅಗೆಯುವಾಗ ಬಿಳಿ ಮೊಟ್ಟೆಗಳ ಗೊಂಚಲು ಸಿಗುವುದೂ ಉಂಟು. ಆಗ ಒಬ್ಬರು ದೊಣ್ಣೆ ಹುಡುಕುತ್ತಾರೆ, ಇನ್ನೊಬ್ಬರು 'ಮನೆಗೆ ಒಯ್ದು ಮರಿ ಮಾಡಿಸೋಣ' ಎನ್ನುತ್ತಾರೆ.

ಈ ಎರಡಕ್ಕೂ ಸಂಬಂಧವಿದೆ. ಕಾರ್ನ್ ಹಾವಿನ ಮೊಟ್ಟೆಯನ್ನು ಡಬ್ಬಿಯಲ್ಲಿಟ್ಟು ಮರಿ ಮಾಡಿಸುವ ವಿಧಾನ ಇಂದು ಜಗತ್ತಿಗೆಲ್ಲ ಗೊತ್ತು. ಆದರೆ ಆ ವಿಧಾನವನ್ನು ಹೊಲದಲ್ಲಿ ಸಿಕ್ಕ ಮೊಟ್ಟೆಗೆ ಅನ್ವಯಿಸಲು ಹೋದರೆ ಜೀವಕ್ಕೂ ಅಪಾಯ, ಕಾನೂನಿನ ಪ್ರಕಾರವೂ ಅಪರಾಧ. ರಾಯದುರ್ಗ ಭಾಗದ ಡಿ. ಹಿರೇಹಾಳ್, ಬೊಮ್ಮನಹಾಳ್, ಗುಮ್ಮಗಟ್ಟದ ಓದುಗರಿಗೂ, ಮಡಕಶಿರ ಭಾಗದ ಅಮರಾಪುರಂ, ರೊಳ್ಳ, ಅಗಳಿ, ಗುಡಿಬಂಡೆಯ ಓದುಗರಿಗೂ ಉಪಯೋಗವಾಗಲೆಂದು ಎರಡೂ ವಿಷಯಗಳನ್ನು ಇಲ್ಲಿ ಒಟ್ಟಿಗೆ ಕೊಡಲಾಗಿದೆ. ಗಡಿಯ ಎರಡೂ ಭಾಷೆ ಬಲ್ಲವರಿಗಾಗಿ ಹಾವುಗಳ ತೆಲುಗು ಹೆಸರುಗಳನ್ನೂ ಸೇರಿಸಲಾಗಿದೆ.

ಕಾರ್ನ್ ಹಾವು ಎಂದರೆ ಯಾವುದು?

ಇದು ಅಮೆರಿಕ ಸಂಯುಕ್ತ ಸಂಸ್ಥಾನದ ಆಗ್ನೇಯ ಭಾಗದ ಹಾವು. ವಿಷವಿಲ್ಲ. ಇಲಿಯನ್ನು ಹಿಡಿದು ಸುತ್ತಿ ಬಿಗಿದು ಕೊಂದು ನುಂಗುತ್ತದೆ. ಬೆಳೆದ ಹಾವು ಸಾಮಾನ್ಯವಾಗಿ 3ರಿಂದ 5 ಅಡಿ ಉದ್ದವಿರುತ್ತದೆ. ಅಲ್ಲಿನ ರೈತರು ಮೆಕ್ಕೆಜೋಳ ತುಂಬಿಡುವ ಕಣಜಗಳಲ್ಲಿ ಇಲಿ ಹುಡುಕಿಕೊಂಡು ಬರುತ್ತಿದ್ದುದರಿಂದ ಈ ಹೆಸರು ಬಂತು ಎನ್ನುತ್ತಾರೆ. ಹೊಟ್ಟೆಯ ಮೇಲಿನ ಕಪ್ಪು ಬಿಳುಪು ಚೌಕಗಳು ಬಣ್ಣದ ಜೋಳದ ತೆನೆಯಂತೆ ಕಾಣುವುದರಿಂದ ಬಂತು ಎನ್ನುವವರೂ ಇದ್ದಾರೆ.

ಸಾಧು ಸ್ವಭಾವ, ಹದವಾದ ಗಾತ್ರ, ಸುಲಭವಾಗಿ ಮರಿಯಾಗುವ ಗುಣ, ಈ ಮೂರರಿಂದಾಗಿ ಜಗತ್ತಿನಲ್ಲಿ ಅತಿ ಹೆಚ್ಚು ಸಾಕುವ ಹಾವುಗಳಲ್ಲಿ ಇದೂ ಒಂದಾಗಿದೆ. ಕಾಡಿನ ಕಾರ್ನ್ ಹಾವು ಕಿತ್ತಳೆ ಕಂದು ಬಣ್ಣದ ಮೇಲೆ ಕೆಂಪು ಮಚ್ಚೆಗಳುಳ್ಳದ್ದು. ಕಪ್ಪು ಬಣ್ಣದ ಅಂಶವೇ ಇಲ್ಲದೆ ಹುಟ್ಟುವ ಕೆಂಪು ಬಿಳಿ ಹಾವುಗಳು, ಬೂದು ಹಾವುಗಳು ಮುಂತಾದ ಹತ್ತಾರು ಬಗೆಗಳನ್ನು ಸಾಕುವವರು ಆರಿಸಿ ಕೂಡಿಸಿ ಬೆಳೆಸಿದ್ದಾರೆ. ಇಂಥ ಬಣ್ಣಗಳು ಹೆಚ್ಚಾಗಿ ತಂದೆ ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಮರಿಯಲ್ಲಿ ಕಾಣುತ್ತವೆ. ಒಬ್ಬರಿಂದ ಮಾತ್ರ ಬಂದರೆ ಒಳಗೇ ಅಡಗಿರುತ್ತವೆ. ಹಾಗೆ ಅಡಗಿರುವ ಎರಡು ಹಾವುಗಳು ಕೂಡಿದರೆ ಸರಾಸರಿ ನಾಲ್ಕು ಮರಿಗೆ ಒಂದು ಆ ಬಣ್ಣದ್ದಾಗುತ್ತದೆ.

ನಮ್ಮಲ್ಲಿ ಇದರ ನೆಂಟ ಯಾರು?

ಜೀವಶಾಸ್ತ್ರಜ್ಞರು ಹಿಂದೆ ಕಾರ್ನ್ ಹಾವನ್ನೂ ನಮ್ಮ ಆಭರಣ ಹಾವನ್ನೂ ಎಲಾಫೆ ಎಂಬ ಒಂದೇ ಕುಲದಲ್ಲಿ ಇಟ್ಟಿದ್ದರು. ಈಗ ಬೇರೆ ಬೇರೆ ಕುಲಗಳಾಗಿ ವಿಂಗಡಿಸಿದ್ದಾರೆ. ಇಲಿ ಹಿಡಿಯುವ ಕೆಲಸದಲ್ಲಿ ನೋಡಿದರೆ, ಅಲ್ಲಿ ಕಾರ್ನ್ ಹಾವು ಹೇಗೋ ನಮ್ಮಲ್ಲಿ ಕೇರೆ ಹಾವು ಹಾಗೆ. ತೆಲುಗಿನಲ್ಲಿ ಇದಕ್ಕೆ ಜೆರ್ರಿಪೋತು ಎನ್ನುತ್ತಾರೆ. ಕೇರೆಯೂ ಇದೇ ದೊಡ್ಡ ಕುಟುಂಬಕ್ಕೆ ಸೇರಿದ್ದು. ವಿಷವಿಲ್ಲ. ಹಗಲಿನಲ್ಲೇ ಓಡಾಡುತ್ತದೆ. ಸಾಮಾನ್ಯವಾಗಿ 5ರಿಂದ 6 ಅಡಿ, ಕೆಲವೊಮ್ಮೆ ಅದಕ್ಕಿಂತ ಉದ್ದ ಬೆಳೆಯುತ್ತದೆ. ಕಾರ್ನ್ ಹಾವಿನಂತೆ ಸುತ್ತಿ ಬಿಗಿಯುವುದಿಲ್ಲ. ಇಲಿಯನ್ನು ದವಡೆಯಲ್ಲಿ ಹಿಡಿದು, ನೆಲಕ್ಕೆ ಒತ್ತಿ ನುಂಗುತ್ತದೆ.

ನಾಗರ ಪಂಚಮಿ, ನಾಗುಲ ಚವಿತಿಗಳಲ್ಲಿ ಹುತ್ತಕ್ಕೆ ಹಾಲೆರೆದು ಕೈಮುಗಿಯುವ ನಾವೇ ಕೇರೆ ಕಂಡರೆ ಹೊಡೆಯುತ್ತೇವೆ. ಅದು ಹಸುವಿನ ಕಾಲಿಗೆ ಸುತ್ತಿಕೊಂಡು ಹಾಲು ಕುಡಿಯುತ್ತದೆ, ನಾಗರದ ಜೊತೆ ಕೂಡುತ್ತದೆ ಎಂಬ ನಂಬಿಕೆಗಳು ಎರಡೂ ಭಾಷೆಯವರಲ್ಲಿವೆ. ಇವೆರಡೂ ನಿಜವಲ್ಲ. ಹಾವಿನ ಬಾಯಿಗೆ ಕೆಚ್ಚಲು ಚೀಪುವ ರಚನೆಯೇ ಇಲ್ಲ. ದನದ ಕೊಟ್ಟಿಗೆಗೆ ಅದು ಬರುವುದು ಇಲಿಗಾಗಿ. ಎರಡು ಹಾವುಗಳು ಹೆಣೆದುಕೊಂಡು ಎದ್ದು ನಿಲ್ಲುವ ದೃಶ್ಯ ಬಹುತೇಕ ಎರಡು ಗಂಡು ಕೇರೆಗಳ ಬಲಪ್ರದರ್ಶನ. ಅದನ್ನೇ ಜನ ಕೇರೆ ನಾಗರದ ಕೂಟವೆಂದು ತಿಳಿಯುತ್ತಾರೆ.

ಕಾರ್ನ್ ಹಾವಿನ ಮರಿ ಮಾಡಿಸುವ ಕ್ರಮ

ಅಮೆರಿಕ, ಯುರೋಪಿನಲ್ಲಿ ಈ ಹಾವನ್ನು ಸಾಕುವವರು ಅನುಸರಿಸುವ ಕ್ರಮ ಹೀಗಿದೆ.

1. ಹೆಣ್ಣಿನ ಆಯ್ಕೆ: ಮೂರು ವರ್ಷ, ಮೂರು ಅಡಿ, ಮುನ್ನೂರು ಗ್ರಾಂ ಎಂಬುದು ಅವರ ರೂಢಿಯ ಲೆಕ್ಕ. ಅದಕ್ಕಿಂತ ಚಿಕ್ಕ ಹೆಣ್ಣು ಮೊಟ್ಟೆ ಹೊರಹಾಕಲಾಗದೆ ಸಾಯುವ ಸಂಭವವಿದೆ.

2. ಚಳಿಗಾಲದ ವಿಶ್ರಾಂತಿ: ಎರಡು ಮೂರು ವಾರ ಮೇವು ನಿಲ್ಲಿಸಿ ಹೊಟ್ಟೆ ಖಾಲಿಯಾದ ಮೇಲೆ, ಎರಡು ಮೂರು ತಿಂಗಳು 10ರಿಂದ 15 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ, ಕತ್ತಲಲ್ಲಿ ಇಡುತ್ತಾರೆ. ನೀರು ಮಾತ್ರ ಕೊಡುತ್ತಾರೆ. ಇದರಿಂದ ಗಂಡು ಹೆಣ್ಣು ಒಟ್ಟಿಗೇ ಹದಕ್ಕೆ ಬರುತ್ತವೆ.

3. ಕೂಡಿಸುವುದು: ಬೆಚ್ಚಗೆ ಮಾಡಿ ಮತ್ತೆ ಮೇವು ಕೊಟ್ಟು, ಹೆಣ್ಣು ಪೊರೆ ಬಿಟ್ಟ ಮೇಲೆ ಗಂಡಿನ ಜೊತೆ ಬಿಡುತ್ತಾರೆ. ಅಲ್ಲಿ ಇದು ಮಾರ್ಚ್‌ನಿಂದ ಮೇ ತಿಂಗಳೊಳಗೆ ನಡೆಯುತ್ತದೆ.

4. ಮೊಟ್ಟೆ ಇಡುವುದು: ಕೂಡಿದ ಸುಮಾರು ಒಂದರಿಂದ ಒಂದೂವರೆ ತಿಂಗಳಿಗೆ ಹೆಣ್ಣು ಮತ್ತೊಮ್ಮೆ ಪೊರೆ ಬಿಡುತ್ತದೆ. ಅದಾದ ಒಂದೆರಡು ವಾರದೊಳಗೆ ತೇವದ ಪಾಚಿ ತುಂಬಿದ ಡಬ್ಬಿಯೊಳಗೆ ಹೋಗಿ ಮೊಟ್ಟೆ ಇಡುತ್ತದೆ. ಒಂದು ಸಲಕ್ಕೆ ಸಾಮಾನ್ಯವಾಗಿ 10ರಿಂದ 20 ಮೊಟ್ಟೆ. ತಾಯಿ ಕಾವು ಕೊಡುವುದಿಲ್ಲ.

5. ಮೊಟ್ಟೆ ತೆಗೆದಿಡುವುದು: ಮುಚ್ಚಳದ ಡಬ್ಬಿಯಲ್ಲಿ ವರ್ಮಿಕ್ಯುಲೈಟ್ ಅಥವಾ ಪರ್ಲೈಟ್ ಹಾಕಿ, ನೀರು ಬೆರೆಸುತ್ತಾರೆ. ಹಿಂಡಿದರೆ ಮುದ್ದೆ ಕಟ್ಟಬೇಕು, ನೀರು ತೊಟ್ಟಿಕ್ಕಬಾರದು. ಮೊಟ್ಟೆಗಳನ್ನು ಅರ್ಧ ಹೂತಂತೆ ಇಡುತ್ತಾರೆ. ಒಂದಕ್ಕೊಂದು ಅಂಟಿದ್ದರೆ ಬಿಡಿಸುವುದಿಲ್ಲ. ಗಾಳಿಗೆ ಒಂದೆರಡು ಸಣ್ಣ ತೂತು ಸಾಕು.

6. ಶಾಖ: 27ರಿಂದ 29 ಡಿಗ್ರಿ. ಥರ್ಮೋಸ್ಟಾಟ್ ಇರುವ ಪೆಟ್ಟಿಗೆಯಲ್ಲಿ ಇಡುತ್ತಾರೆ. ಈ ಶಾಖದಲ್ಲಿ ಸುಮಾರು 60ರಿಂದ 65 ದಿನಕ್ಕೆ ಮರಿಯಾಗುತ್ತದೆ. ಶಾಖ 32 ಡಿಗ್ರಿ ದಾಟಿ ಹಾಗೇ ನಿಂತರೆ ಬೆನ್ನು ಸೊಟ್ಟಗಾದ ಮರಿಗಳು ಹುಟ್ಟಬಹುದು, ಮೊಟ್ಟೆಯೊಳಗೇ ಸಾಯಲೂಬಹುದು.

ಕೋಳಿ ಮೊಟ್ಟೆಯಂತೆ ತಿರುಗಿಸಬಾರದು

ಕೋಳಿ ಕಾವಿಗೆ ಕೂತಾಗ ಮೊಟ್ಟೆಯನ್ನು ಕೊಕ್ಕಿನಿಂದ ಆಗಾಗ ಹೊರಳಿಸುವುದನ್ನು ನಾವೆಲ್ಲ ನೋಡಿದ್ದೇವೆ. ಹಾವಿನ ಮೊಟ್ಟೆಗೆ ಇದು ಸಲ್ಲದು. ಕೋಳಿ ಮೊಟ್ಟೆಯಲ್ಲಿ ಹಳದಿಯನ್ನು ನಡುವೆ ಹಿಡಿದಿಡುವ ತಿರುಚಿದ ಎಳೆಗಳಿರುತ್ತವೆ. ಹಾವಿನ ಮೊಟ್ಟೆಯಲ್ಲಿ ಅವಿಲ್ಲ. ಇಟ್ಟ ಒಂದೆರಡು ದಿನದೊಳಗೆ ಪಿಂಡ ಮೇಲ್ಭಾಗದ ಚಿಪ್ಪಿಗೆ ಅಂಟಿ ನಿಲ್ಲುತ್ತದೆ. ಆಮೇಲೆ ಮೊಟ್ಟೆ ಬುಡಮೇಲಾದರೆ ಪಿಂಡ ಹಳದಿಯ ಕೆಳಗೆ ಸಿಕ್ಕಿ ಸಾಯುತ್ತದೆ. ಆದ್ದರಿಂದ ತಿಳಿದವರು ಮೊದಲೇ ಪೆನ್ಸಿಲಿನಿಂದ ಮೇಲ್ಭಾಗಕ್ಕೆ ಗುರುತು ಹಾಕಿ, ಕೊನೆಯವರೆಗೂ ಅದೇ ಭಂಗಿಯಲ್ಲಿ ಇಡುತ್ತಾರೆ. ಹೊಲದಲ್ಲಿ ಸಿಕ್ಕ ಮೊಟ್ಟೆಯನ್ನು ಟವೆಲಿನಲ್ಲಿ ಕಟ್ಟಿ ಮನೆಗೆ ತಂದವರಿಗೆ ಮರಿಯಾಗದಿರಲು ಮುಖ್ಯ ಕಾರಣಗಳಲ್ಲಿ ಇದೂ ಒಂದು.

ಒಳ್ಳೆಯ ಮೊಟ್ಟೆ ನೀರು ಹೀರಿ ದಿನೇ ದಿನೇ ಉಬ್ಬುತ್ತದೆ. ಕತ್ತಲಲ್ಲಿ ಟಾರ್ಚ್ ಹಿಡಿದರೆ ಕೆಂಪು ನರಗಳ ಬಲೆ ಕಾಣುತ್ತದೆ. ಗೊಡ್ಡು ಮೊಟ್ಟೆ ಸಣ್ಣಗೆ, ಹಳದಿಯಾಗಿದ್ದು ಬೂಷ್ಟು ಹಿಡಿಯುತ್ತದೆ. ಕೊನೆಯ ವಾರದಲ್ಲಿ ಮೊಟ್ಟೆಗಳ ಮೇಲೆ ಗುಳಿ ಬೀಳುವುದು ಸಹಜ. ಮರಿ ತನ್ನ ಮೂತಿಯ ತುದಿಯ ಪುಟ್ಟ ಮೊಟ್ಟೆಹಲ್ಲಿನಿಂದ ಚಿಪ್ಪನ್ನು ಸೀಳಿ ತಲೆ ಹೊರಹಾಕುತ್ತದೆ. ಒಂದೆರಡು ದಿನ ಹಾಗೇ ಕೂತು ಉಳಿದ ಹಳದಿಯನ್ನು ಹೊಟ್ಟೆಗೆ ಎಳೆದುಕೊಳ್ಳುತ್ತದೆ. ಆಗ ಅವಸರಪಟ್ಟು ಎಳೆದರೆ ಮರಿ ಸಾಯುತ್ತದೆ. ಹೊರಬಂದ ಮರಿ ಸುಮಾರು 8ರಿಂದ 12 ಇಂಚು ಇರುತ್ತದೆ. ಸುಮಾರು ಒಂದು ವಾರ ಹತ್ತು ದಿನಕ್ಕೆ ಮೊದಲ ಪೊರೆ ಬಿಟ್ಟು, ನಂತರ ಕಣ್ಣು ಬಿಡದ ಇಲಿಮರಿ ತಿನ್ನಲು ಶುರು ಮಾಡುತ್ತದೆ.

ಇನ್ನೊಂದು ಮಾತು. ಮೊಸಳೆ ಮತ್ತು ಅನೇಕ ಆಮೆಗಳಲ್ಲಿ ಮೊಟ್ಟೆಯ ಶಾಖದಿಂದ ಗಂಡು ಹೆಣ್ಣು ನಿರ್ಧಾರವಾಗುತ್ತದೆ. ಕಾರ್ನ್ ಹಾವಿನಲ್ಲಿ ಹಾಗಿಲ್ಲ, ಅದು ಹುಟ್ಟಿನಿಂದಲೇ ಬರುತ್ತದೆ. ಶಾಖ ಹೆಚ್ಚಿಸಿ ಹೆಣ್ಣು ಮರಿ ಪಡೆಯಬಹುದು ಎನ್ನುವವರ ಮಾತನ್ನು ನಂಬಬೇಡಿ.

ನಮ್ಮ ಊರಿನಲ್ಲಿ ಇದು ಏಕೆ ಕಷ್ಟ?

ಮೊದಲನೆಯದು ಹವೆ. ಮೊಟ್ಟೆಗೆ ಬೇಕಾದದ್ದು 29 ಡಿಗ್ರಿ ಮೀರದ ಶಾಖ. ಏಪ್ರಿಲ್ ಮೇ ತಿಂಗಳಲ್ಲಿ ರಾಯದುರ್ಗದ ಕಡೆ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಶೀಟಿನ ಮನೆಯ ಒಳಗೆ ಅದಕ್ಕೂ ಹೆಚ್ಚು. ಚಳಿ ದೇಶಗಳಲ್ಲಿ ಬಿಸಿ ಮಾಡುವುದು ಚಿಂತೆಯಾದರೆ ನಮಗೆ ತಂಪು ಮಾಡುವುದೇ ಚಿಂತೆ. ಕರೆಂಟ್ ಹೋದ ಒಂದು ಮಧ್ಯಾಹ್ನ ಸಾಕು, ಇಡೀ ಡಬ್ಬಿ ಹಾಳಾಗಲು. ಚಳಿಗಾಲದ ವಿಶ್ರಾಂತಿಗೆ ಬೇಕಾದ ತಂಪು ಎರಡು ಮೂರು ತಿಂಗಳು ಬಿಡದೆ ಇಲ್ಲಿ ಸಿಗುವುದಿಲ್ಲ.

ಎರಡನೆಯದು ಮೇವು. 12 ಮರಿಗಳಾದವು ಎಂದುಕೊಳ್ಳಿ. ವಾರಕ್ಕೊಂದು ಇಲಿಮರಿಯಂತೆ ವರ್ಷಕ್ಕೆ 624 ಇಲಿಮರಿ ಬೇಕು. ಬೋನಿಗೆ ಬಿದ್ದ ಮನೆಯ ಇಲಿ ಕೊಡುವಂತಿಲ್ಲ. ಅದು ಪಕ್ಕದ ಮನೆಯಲ್ಲಿಟ್ಟ ಇಲಿ ಪಾಷಾಣ ತಿಂದಿದ್ದರೆ ಹಾವೂ ಸಾಯುತ್ತದೆ.

ಮೂರನೆಯದು ಆಯಸ್ಸು. ಚೆನ್ನಾಗಿ ಸಾಕಿದ ಕಾರ್ನ್ ಹಾವು 15ರಿಂದ 20 ವರ್ಷ ಬದುಕುತ್ತದೆ. ಹತ್ತನೇ ತರಗತಿಯ ಹುಡುಗ ಇಂದು ತಂದರೆ ಅವನ ಮದುವೆಯಾಗಿ ಮಕ್ಕಳು ಶಾಲೆಗೆ ಹೋಗುವಾಗಲೂ ಅದು ಇರುತ್ತದೆ. ಹಾವಿಗೆ ಚಿಕಿತ್ಸೆ ಕೊಡಬಲ್ಲ ಪಶುವೈದ್ಯರು ಸಣ್ಣ ಊರುಗಳಲ್ಲಿ ಸಿಗುವುದು ಅಪರೂಪ.

ನಾಲ್ಕನೆಯದು ಆರೋಗ್ಯ. ಆರೋಗ್ಯವಾಗಿ ಕಾಣುವ ಹಾವು, ಹಲ್ಲಿ, ಆಮೆಗಳ ಮೈಮೇಲೂ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು. ವಾಂತಿ ಭೇದಿ ತರುವ ಈ ರೋಗಾಣು ಐದು ವರ್ಷದೊಳಗಿನ ಮಕ್ಕಳಿಗೆ, ವಯಸ್ಸಾದವರಿಗೆ ಹೆಚ್ಚು ಅಪಾಯ. ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಲೇಬೇಕು. ಅಡುಗೆ ಮನೆಗೆ ತರಬಾರದು.

ಕಾನೂನು ಏನು ಹೇಳುತ್ತದೆ?

ಮಡಕಶಿರ 2022ರ ಏಪ್ರಿಲ್‌ನಲ್ಲಿ ಅನಂತಪುರ ಜಿಲ್ಲೆಯಿಂದ ಹೊಸ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ರಾಯದುರ್ಗ ಅನಂತಪುರದಲ್ಲೇ ಉಳಿಯಿತು. ಆಚೆ ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳು. ಜಿಲ್ಲೆ, ರಾಜ್ಯ ಯಾವುದಾದರೂ ಹಾವುಗಳ ಕಾನೂನು ಒಂದೇ. ಅದು ಕೇಂದ್ರದ ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972.

ದೇಶಿ ಹಾವುಗಳು: ಈ ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾಗಿ, 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದರಂತೆ ಕೇರೆ, ನಾಗರ, ಕೊಳಕು ಮಂಡಲ ಹಾವುಗಳು ಈಗ ಒಂದನೇ ಶೆಡ್ಯೂಲಿನಲ್ಲಿವೆ. ಅಂದರೆ ಹುಲಿ, ಆನೆಗಳಿರುವ ಪಟ್ಟಿಯಲ್ಲೇ. ಒಂದನೇ ಶೆಡ್ಯೂಲಿನ ಪ್ರಾಣಿಯನ್ನು ಬೇಟೆಯಾಡಿದರೆ 3ರಿಂದ 7 ವರ್ಷದವರೆಗೆ ಜೈಲು ಮತ್ತು ಕನಿಷ್ಠ 25,000 ರೂಪಾಯಿ ದಂಡ. ಇಲ್ಲಿ 'ಬೇಟೆ' ಎಂದರೆ ಕೊಲ್ಲುವುದಷ್ಟೇ ಅಲ್ಲ ಎಂಬುದನ್ನು ಗಮನಿಸಿ. ಹಿಡಿಯುವುದೂ ಬೇಟೆಯೇ. ಸರೀಸೃಪಗಳ ಮೊಟ್ಟೆಗೆ ಹಾನಿ ಮಾಡುವುದು, ಮೊಟ್ಟೆ ಅಥವಾ ಗೂಡನ್ನು ಕದಲಿಸಿ ತೊಂದರೆ ಕೊಡುವುದೂ ಕಾಯ್ದೆಯ ಅರ್ಥದಲ್ಲಿ ಬೇಟೆಯೇ. ಮರಿ ಮಾಡಿಸುವ ಒಳ್ಳೆಯ ಉದ್ದೇಶದಿಂದ ಮೊಟ್ಟೆ ಮನೆಗೆ ತಂದರೂ ಇದರಿಂದ ತಪ್ಪಿಸಿಕೊಳ್ಳುವುದು ಕಷ್ಟ. ತನ್ನ ಅಥವಾ ಇನ್ನೊಬ್ಬರ ಪ್ರಾಣ ಉಳಿಸಿಕೊಳ್ಳಲು ಬೇರೆ ದಾರಿಯಿಲ್ಲದೆ ಕೊಂದರೆ ಅದಕ್ಕೆ ವಿನಾಯಿತಿ ಇದೆ.

ವಿದೇಶಿ ಹಾವುಗಳು: ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ವಿದೇಶಿ ಪ್ರಾಣಿಗಳನ್ನು ಕಾಯ್ದೆಯ ನಾಲ್ಕನೇ ಶೆಡ್ಯೂಲಿಗೆ ಸೇರಿಸಲಾಗಿದೆ. ಆಫ್ರಿಕಾದ ಬಾಲ್ ಪೈತಾನ್ ಇದರಲ್ಲಿ ಬರುತ್ತದೆ. ಇಂಥ ಪ್ರಾಣಿ ಸಾಕುವವರು, ಮರಿ ಮಾಡಿಸುವವರು 2024ರ ಫೆಬ್ರವರಿಯಲ್ಲಿ ಬಂದ ನಿಯಮಗಳಂತೆ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಕಾರ್ನ್ ಹಾವು ಸೈಟಿಸ್ ಪಟ್ಟಿಯಲ್ಲಿ ಇಲ್ಲ. ಹಾಗೆಂದು ಬೇಕಾದಂತೆ ತರಬಹುದು ಎಂದಲ್ಲ. ಜೀವಂತ ಪ್ರಾಣಿ ತರಿಸಲು ವಿದೇಶ ವ್ಯಾಪಾರ ಇಲಾಖೆಯ ಪರವಾನಗಿ, ಪ್ರಾಣಿ ಕ್ವಾರಂಟೈನ್ ತಪಾಸಣೆ ಬೇಕು. ಇಲ್ಲವಾದರೆ ಅದು ಕಳ್ಳಸಾಗಣೆ. 2023ರ ಸೆಪ್ಟೆಂಬರ್‌ನಲ್ಲಿ ಬ್ಯಾಂಕಾಕ್‌ನಿಂದ ಬೆಂಗಳೂರಿಗೆ ಬಂದ ವಿಮಾನದ ಸಾಮಾನಿನಲ್ಲಿ 55 ಬಾಲ್ ಪೈತಾನ್‌ಗಳು ಮತ್ತು 17 ಕಾಳಿಂಗ ಸರ್ಪಗಳು ಸಿಕ್ಕಿದ್ದವು. ಮಾರುವವರು ಕಾನೂನಿನಂತೆ ತಂದ ದಾಖಲೆ ತೋರಿಸದಿದ್ದರೆ ಕೊಳ್ಳಬೇಡಿ.

ಬೇಡವಾದ ಹಾವನ್ನು ಹೊಲಕ್ಕೆ ಬಿಡುವುದಂತೂ ದೊಡ್ಡ ತಪ್ಪು. ಸಾಕಿದ ಕಾರ್ನ್ ಹಾವುಗಳು ತಪ್ಪಿಸಿಕೊಂಡು, ಸರಕಿನ ಜೊತೆ ಸೇರಿ ಕೆರಿಬಿಯನ್ ಸಮುದ್ರದ ಹಲವು ದ್ವೀಪಗಳಲ್ಲಿ ನೆಲೆಯೂರಿವೆ. ಆಸ್ಟ್ರೇಲಿಯಾದಲ್ಲಿ ಇವನ್ನು ಪಿಡುಗು ಎಂದು ಪರಿಗಣಿಸಿ ಸಾಕುವುದನ್ನೇ ನಿಷೇಧಿಸಲಾಗಿದೆ.

ಹೊಲದಲ್ಲಿ ಸಿಕ್ಕ ಮೊಟ್ಟೆ ಯಾವುದರದ್ದು?

ಹಾವಿನ ಮೊಟ್ಟೆ ಬಿಳಿ, ಉದ್ದುದ್ದ. ಹಕ್ಕಿ ಮೊಟ್ಟೆಯಂತೆ ಗಟ್ಟಿ ಚಿಪ್ಪಿರುವುದಿಲ್ಲ, ಚರ್ಮದಂತೆ ಮೆತ್ತಗಿರುತ್ತದೆ. ಹಲವು ಜಾತಿಗಳಲ್ಲಿ ಒಂದಕ್ಕೊಂದು ಅಂಟಿಕೊಂಡು ಗೊಂಚಲಾಗಿರುತ್ತದೆ. ಆದರೆ ಯಾವ ಹಾವಿನದ್ದು ಎಂದು ಮೊಟ್ಟೆ ನೋಡಿ ಹೇಳುವುದು ಬಲ್ಲವರಿಗೂ ಕಷ್ಟ. ನಮ್ಮ ಭಾಗದ ಮುಖ್ಯ ಹಾವುಗಳ ವಿವರ ಹೀಗಿದೆ:

ಕೇರೆ, ಜೆರ್ರಿಪೋತು: ಸಾಮಾನ್ಯವಾಗಿ 6ರಿಂದ 15 ಮೊಟ್ಟೆ. ಸುಮಾರು ಎರಡು ತಿಂಗಳಿಗೆ ಮರಿ. ವಿಷವಿಲ್ಲ.

ನಾಗರ, ತೆಲುಗಿನಲ್ಲಿ ನಾಗುಪಾಮು ಅಥವಾ ತಾಚುಪಾಮು: 12ರಿಂದ 30 ಮೊಟ್ಟೆ. ಹುತ್ತ, ಇಲಿ ಬಿಲಗಳಲ್ಲಿ ಇಡುತ್ತದೆ. ಇದಕ್ಕೂ ಸುಮಾರು ಎರಡು ತಿಂಗಳು. ತಾಯಿ ಮೊಟ್ಟೆಗಳ ಬಳಿಯೇ ಇರುತ್ತದೆ. ಮರಿಗೆ ಹುಟ್ಟಿದ ಕ್ಷಣದಿಂದಲೇ ವಿಷವಿರುತ್ತದೆ.

ಕಟ್ಟು ಹಾವು, ತೆಲುಗಿನಲ್ಲಿ ಕಟ್ಲಪಾಮು: ಹತ್ತರ ಆಸುಪಾಸು ಮೊಟ್ಟೆ. ಅತಿ ತೀವ್ರ ವಿಷ.

ಕೊಳಕು ಮಂಡಲ, ತೆಲುಗಿನಲ್ಲಿ ರಕ್ತಪಿಂಜರಿ: ಮೊಟ್ಟೆ ಇಡುವುದಿಲ್ಲ, ನೇರವಾಗಿ ಮರಿ ಹಾಕುತ್ತದೆ. ಗರಗಸ ಮಂಡಲವೂ ಹಾಗೆಯೇ.

ಎರಡು ತಲೆ ಹಾವು, ಅಂದರೆ ಮಣ್ಣುಮುಕ್ಕ ಹಾವು: ಇದೂ ಮರಿ ಹಾಕುತ್ತದೆ. ಇದಕ್ಕೆ ಎರಡು ತಲೆಯಿಲ್ಲ, ಬಾಲ ಮೊಂಡಾಗಿದೆ ಅಷ್ಟೆ. ಲಕ್ಷಗಟ್ಟಲೆ ಬೆಲೆ ಬಾಳುತ್ತದೆ ಎಂಬುದು ಮೋಸಗಾರರ ಮಾತು. ಹಿಡಿದರೆ, ಮಾರಿದರೆ ಕೇಸು ಬೀಳುತ್ತದೆ.

ಇದರಿಂದ ತಿಳಿಯುವುದೇನೆಂದರೆ, ಕೇರೆಯದ್ದೆಂದು ತಿಳಿದು ಮನೆಯ ಡಬ್ಬಿಯಲ್ಲಿಟ್ಟ ಮೊಟ್ಟೆಗಳಿಂದ ಎರಡು ತಿಂಗಳ ನಂತರ ಒಂದು ರಾತ್ರಿ ಇಪ್ಪತ್ತು ನಾಗರ ಮರಿಗಳು ಹೊರಬರಬಹುದು. ಮುಚ್ಚಳದ ಸಂದಿಯಲ್ಲಿ ನುಸುಳಬಲ್ಲಷ್ಟು ಸಣ್ಣ ಮರಿಗಳವು. ಮನೆಯಲ್ಲಿ ನೆಲದ ಮೇಲೆ ಮಲಗುವ ಮಕ್ಕಳಿರುತ್ತಾರೆ. ವಿದೇಶದಲ್ಲಿ ಕಾರ್ನ್ ಹಾವು ಸಾಕುವವರಿಗೆ ತಮ್ಮ ಮೊಟ್ಟೆಯ ತಂದೆ ತಾಯಿ ಯಾರೆಂದು ಗೊತ್ತು. ಬಣವೆಯಲ್ಲಿ ಮೊಟ್ಟೆ ಕಂಡ ನಮಗೆ ಅದು ಗೊತ್ತಿರುವುದಿಲ್ಲ.

ಮೊಟ್ಟೆ ಕಂಡರೆ ಏನು ಮಾಡಬೇಕು?

ಬಣವೆ ಅಥವಾ ತಿಪ್ಪೆಯಲ್ಲಿ: ಕೈ ಹಾಕಬೇಡಿ. ತಾಯಿ ಹಾವು ಒಳಗೇ ಇರಬಹುದು. ಒಂದಷ್ಟು ಮೇವನ್ನು ಕೋಲಿನಿಂದ ಮೊಟ್ಟೆಯ ಮೇಲೆ ಎಳೆದು ಮುಚ್ಚಿ ದೂರ ಸರಿಯಿರಿ. ಕೋಲು ನೆಟ್ಟು ಗುರುತು ಮಾಡಿ, ಮನೆಯ ಎಲ್ಲರಿಗೂ, ಕೂಲಿಯವರಿಗೂ ಹೇಳಿ. ಎರಡು ತಿಂಗಳು ಮೇವನ್ನು ಇನ್ನೊಂದು ಬದಿಯಿಂದ ತೆಗೆಯಿರಿ. ಮಕ್ಕಳನ್ನು, ನಾಯಿ ಕೋಳಿಗಳನ್ನು ದೂರವಿಡಿ. ಮೊಟ್ಟೆ ಒಡೆದ ಮರಿಗಳು ಅಲ್ಲಿ ಉಳಿಯುವುದಿಲ್ಲ, ತಮ್ಮ ಪಾಡಿಗೆ ಚದುರಿ ಹೋಗುತ್ತವೆ.

ಅಗೆಯುವಾಗ: ಪಾಯ, ಪೈಪ್‌ಲೈನ್, ಬದು ಅಗೆಯುವಾಗ ಕಂಡರೆ ಯಂತ್ರ ನಿಲ್ಲಿಸಿ ಅರಣ್ಯ ಇಲಾಖೆಗೆ ತಿಳಿಸಿ. ಜಾಗ ಬಿಡಲು ಸಾಧ್ಯವೇ ಇಲ್ಲದಿದ್ದಾಗ ಮಾತ್ರ ಇಲಾಖೆಯವರು ಅಥವಾ ಅವರ ಒಪ್ಪಿಗೆ ಪಡೆದ ಹಾವು ರಕ್ಷಕರು ಮೊಟ್ಟೆಗಳನ್ನು ತೆಗೆಯುತ್ತಾರೆ. ಆಗ ಅನುಸರಿಸುವುದೂ ಮೇಲೆ ಹೇಳಿದ ಕ್ರಮವನ್ನೇ: ಮೇಲ್ಭಾಗಕ್ಕೆ ಗುರುತು, ತೇವದ ಹಾಸು, ಒಂದೇ ಹದದ ಶಾಖ. ಹುಟ್ಟಿದ ಮರಿಗಳನ್ನು ಮೊಟ್ಟೆ ಸಿಕ್ಕ ಜಾಗದ ಹತ್ತಿರವೇ ಬಿಡಬೇಕು.

ಮನೆಯೊಳಗೆ: ಎಲ್ಲರನ್ನೂ ಹೊರಗೆ ಕಳಿಸಿ, ಬಾಗಿಲ ಸಂದಿಗೆ ಬಟ್ಟೆ ಒತ್ತಿ, ಅರಣ್ಯ ಕಚೇರಿಗೆ ಫೋನ್ ಮಾಡಿ. ಕರ್ನಾಟಕದ ಕಡೆ ಅರಣ್ಯ ಇಲಾಖೆಯ ಸಹಾಯವಾಣಿ 1926. ಆಂಧ್ರದ ಕಡೆಯವರು ಸಮೀಪದ ಅರಣ್ಯ ವಲಯ ಕಚೇರಿಯ ನಂಬರನ್ನು ಮೊದಲೇ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ತುರ್ತಿಗೆ 112 ಎರಡೂ ರಾಜ್ಯಗಳಲ್ಲಿ ಸಿಗುತ್ತದೆ.

ಹಾವು ಕಚ್ಚಿದರೆ: ಗಾಯ ಕೊಯ್ಯುವುದು, ಚೀಪುವುದು, ಬಿಗಿಯಾಗಿ ಕಟ್ಟುವುದು ಬೇಡ. ಉಂಗುರ, ಬಳೆ, ಕಾಲುಂಗುರ ತೆಗೆಯಿರಿ. ಕಚ್ಚಿದ ಭಾಗ ಅಲುಗಾಡದಂತೆ ಇಟ್ಟು 108 ಕರೆಯಿರಿ. ಮಂತ್ರ, ನಾಟಿ ಔಷಧಿಗೆ ಕಾಯದೆ ವಿಷಹಾರಿ ಚುಚ್ಚುಮದ್ದು ಇರುವ ಸರ್ಕಾರಿ ಆಸ್ಪತ್ರೆಗೆ ಹೋಗಿ. ಯಾವುದು ಹತ್ತಿರವೋ ಅಲ್ಲಿಗೆ, ಅದು ಆಂಧ್ರವೋ ಕರ್ನಾಟಕವೋ ನೋಡಬೇಡಿ. 2000ದಿಂದ 2019ರವರೆಗೆ ಭಾರತದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಡಿತದಿಂದ ಸತ್ತಿದ್ದಾರೆ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿದೆ. ಹೆಚ್ಚಿನವರು ಹಳ್ಳಿಯವರು.

ಆಗುಂಬೆಯಲ್ಲಿ ಹೇಗೆ ಮಾಡುತ್ತಾರೆ?

ಕಾಡು ಹಾವಿನ ಮೊಟ್ಟೆಗಳನ್ನು ಕಾಯುವ ಕೆಲಸಕ್ಕೆ ಕರ್ನಾಟಕದಲ್ಲಿ ಹೆಸರಾದದ್ದು ಆಗುಂಬೆ. ಹಾವುಗಳ ತಜ್ಞ ರೋಮುಲಸ್ ವಿಟೇಕರ್ 2005ರಲ್ಲಿ ಅಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಆರಂಭಿಸಿದರು. ಅಲ್ಲಿನ ಕಾಳಿಂಗ ಸರ್ಪ ತರಗೆಲೆ ಗುಡ್ಡೆ ಮಾಡಿ ಗೂಡು ಕಟ್ಟಿ ಮೊಟ್ಟೆ ಇಟ್ಟು ಕಾಯುತ್ತದೆ. ತೋಟದ ಅಂಚಿನಲ್ಲಿ, ಮನೆಯ ಹಿಂದೆ ಇಂಥ ಗೂಡು ಕಂಡಾಗ ಸಂಶೋಧಕರು ಮೊಟ್ಟೆಗಳನ್ನು ಇದ್ದಲ್ಲೇ ಬಿಟ್ಟು ನಿಗಾ ಇಡುತ್ತಾರೆ. ಗೂಡಿನ ಶಾಖ, ತೇವ ಅಳೆಯುತ್ತಾರೆ. ಮರಿ ಬರುವ ದಿನ ಹತ್ತಿರವಾದಾಗ ಸುತ್ತ ಬಲೆ ಕಟ್ಟಿ, ಮರಿಗಳನ್ನು ಅಳತೆ ಮಾಡಿ ಅದೇ ಕಾಡಿಗೆ ಬಿಡುತ್ತಾರೆ. ಮನೆಯವರಿಗೆ ವಿಷಯ ತಿಳಿಸಿ ಒಪ್ಪಿಸುವುದೇ ಅವರ ದೊಡ್ಡ ಕೆಲಸ. ಪಶ್ಚಿಮ ಘಟ್ಟದ ಈ ಕಾಳಿಂಗಕ್ಕೆ 2024ರಲ್ಲಿ ಪ್ರತ್ಯೇಕ ಜಾತಿಯೆಂದು ಮಾನ್ಯತೆ ಸಿಕ್ಕಿ, ಕನ್ನಡದ 'ಕಾಳಿಂಗ' ಎಂಬ ಹೆಸರೇ ಅದರ ವೈಜ್ಞಾನಿಕ ಹೆಸರಾಯಿತು.

ಇಷ್ಟೊಂದು ಬಲ್ಲವರೇ, ಅಷ್ಟು ವಿಷದ ಹಾವಿನ ಮೊಟ್ಟೆಯನ್ನು ಸಾಧ್ಯವಾದಷ್ಟೂ ಇದ್ದಲ್ಲೇ ಬಿಡುತ್ತಾರೆ. ನಮ್ಮ ಬಣವೆಯ ಕೇರೆ ಮೊಟ್ಟೆಗೂ ಅದೇ ದಾರಿ.

ಕೇರೆ ಉಳಿದರೆ ರೈತನಿಗೇನು ಲಾಭ?

ಇಲಿಗಳಿಗೆ ಸುಮಾರು ಮೂರು ವಾರಕ್ಕೆ ಗರ್ಭ ತುಂಬಿ, ಒಂದು ಸೂಲಿಗೆ ಹಲವು ಮರಿಗಳಾಗುತ್ತವೆ. ಕಡ್ಲೆಕಾಯಿ ಬಲಿಯುವ ಹೊತ್ತಿಗೆ ಬಿಲದೊಳಗೆ ಕಾಯಿ ಕೂಡಿಡುವುದನ್ನು ರೈತರೆಲ್ಲ ಬಲ್ಲರು. ವಿಷದ ತಿಂಡಿ ಇಟ್ಟರೆ ಬಿಲದೊಳಗಿನ ಮರಿಗಳು ಉಳಿದುಬಿಡುತ್ತವೆ. ಕೇರೆ ಬಿಲದೊಳಗೇ ಹೋಗಿ ಮರಿಗಳ ಸಮೇತ ತಿನ್ನುತ್ತದೆ. ಕೂಲಿ ಕೇಳುವುದಿಲ್ಲ. ಇಲಿ ಕಡಿಮೆಯಾದರೆ ಇಲಿಗಾಗಿಯೇ ಮನೆ ಹತ್ತಿರ ಬರುವ ನಾಗರ, ಕಟ್ಟು ಹಾವುಗಳ ಓಡಾಟವೂ ಕಡಿಮೆಯಾಗುತ್ತದೆ.

ನೆನಪಿಡಬೇಕಾದ್ದು

* ಕಾರ್ನ್ ಹಾವು ಅಮೆರಿಕದ್ದು, ವಿಷವಿಲ್ಲ. 27ರಿಂದ 29 ಡಿಗ್ರಿಯಲ್ಲಿ ಸುಮಾರು 60 ದಿನಕ್ಕೆ ಮರಿ. ದಾಖಲೆಯಿಲ್ಲದ ಹಾವನ್ನು ಕೊಳ್ಳಬೇಡಿ, ಸಾಕಿದ್ದನ್ನು ಹೊರಗೆ ಬಿಡಬೇಡಿ.
* ಹಾವಿನ ಮೊಟ್ಟೆಯನ್ನು ತಿರುಗಿಸಿದರೆ ಮರಿ ಸಾಯುತ್ತದೆ.
* ಹೊಲದ ಮೊಟ್ಟೆ ಕೇರೆಯದ್ದೋ ನಾಗರದ್ದೋ ನೋಡಿ ಹೇಳಲಾಗದು. ಮನೆಗೆ ತರಬೇಡಿ.
* ದೇಶಿ ಹಾವಿನ ಮೊಟ್ಟೆ ಕದಲಿಸುವುದು ಎರಡೂ ರಾಜ್ಯಗಳಲ್ಲಿ ಅಪರಾಧ.
* ಮುಚ್ಚಿ, ಗುರುತು ಹಾಕಿ, ಎರಡು ತಿಂಗಳು ಬಿಟ್ಟುಬಿಡಿ.

ಡಬ್ಬಿ, ಥರ್ಮೋಸ್ಟಾಟ್, ವರ್ಮಿಕ್ಯುಲೈಟ್ ಇಟ್ಟು ದೂರದ ದೇಶದವರು ಮಾಡುವ ಕೆಲಸವನ್ನು ನಮ್ಮ ಬಣವೆಯ ಬುಡದ ತೇವ ಮತ್ತು ಬಿಸಿ ಖರ್ಚಿಲ್ಲದೆ ಮಾಡುತ್ತದೆ. ಹಾವು ಸಾಕುವ ಆಸೆಯಿರುವ ಮಕ್ಕಳಿಗೆ ದೂರದಿಂದ ಕೇರೆಯನ್ನು ಗುರುತಿಸುವುದನ್ನು ಕಲಿಸಿ. ಮುಂದಿನ ಸಲ ಮೊಟ್ಟೆ ಕಂಡಾಗ ದೊಣ್ಣೆ ತರುವವರನ್ನು ಅವರೇ ತಡೆಯುತ್ತಾರೆ.